ಮೊಮ್ಮಕ್ಕಳ ಗೇಮ್ ಕ್ಯಾಸೆಟ್ಟಿನ ಪಾಲು

ಬೇಸಿಗೆ ರಜೆ ಮುಗಿದಿತ್ತು. ನರಸೀಪುರದ ನಮ್ಮ ಮನೆಯಿಂದ ಮಗಳ ಮಗ ನಂಜನಗೂಡಿಗೆ, ಮಗನ ಮಗಳು ಬನ್ನೂರಿಗೆ ಹೊರಟಿದ್ದರು. ಇಬ್ಬರೂ ಸೇರಿ ಕೂಡಿಟ್ಟ ವಿಡಿಯೋ ಗೇಮ್ ಕ್ಯಾಸೆಟ್ಟುಗಳಿಗೆ ಜಗಳ ಹತ್ತಿತು. ಜಮೀನು ಪಾಲು ಮಾಡಿದ ಹಾಗೆ ಮಾಡೋಣವೆಂದೆ. ಹುಡುಗಿ ಒಂದೊಂದರ ಹೆಸರು ಬರೆದಳು, ನಾನು ಬೆಲೆ ಕಟ್ಟಿದೆ.

"ಕಾರ್ ರೇಸು ನೀರಾವರಿ ಗದ್ದೆ ಕಣ್ಲಾ. ಆ ಬಾತುಕೋಳಿಗೆ ಗುಂಡು ಒಡೆಯೋದು ಬರೀ ಮಳೆ ನಂಬ್ಕಂಡಿರೋ ಒಲ," ಎಂದೆ ಹುಡುಗನಿಗೆ.

ದೊಡ್ಡವನು ಎರಡು ಗುಡ್ಡೆ ಮಾಡಿದ, ಚಿಕ್ಕವಳು ಮೊದಲು ಆರಿಸಿಕೊಂಡಳು. ಕ್ಯಾಸೆಟ್ಟು ಹಾಕಿ ಟಿ.ವಿ.ಗೆ ಸಿಕ್ಕಿಸುವ ಆಟದ ಪೆಟ್ಟಿಗೆ ಮಾತ್ರ ಒಂದೇ ಇತ್ತು.

"ಅದು ನಂಗೇ!" ಎಂದ ಹುಡುಗ.

"ಓಗೋ! ಬಾವಿನ ಯಾರಾದ್ರೂ ಪಾಲು ಮಾಡ್ಕತಾರಾ? ಅದು ಇಬ್ರಿಗೂ ಜಂಟಿ ಕಣೋ. ತಾತನ ಮನೇಲೇ ಇರ್ಲಿ, ಭಾನ್ವಾರ ಬಂದು ಆಡಾನ," ಎಂದಳು ಹುಡುಗಿ.

ವಾರವಾರವೂ ಇಬ್ಬರೂ ಬರುತ್ತಾರೆ! ಖುಷಿ ತಡೆಯಲಾರದೆ, ಬಸ್ ಚಾರ್ಜು ನನ್ನದೇ ಎಂದುಬಿಟ್ಟೆ.