ಐದು ಊರಿನ ಕೊಂಡಿ

ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾ, ರೋಮ್. ಈ ಐದು ಊರುಗಳಲ್ಲಿ ಡಿಸೆಂಬರ್ ತಿಂಗಳ ಚಳಿ ಎಂಥದ್ದು, ಸಂಜೆ ಎಷ್ಟೊತ್ತಿಗೆ ಕತ್ತಲಾಗುತ್ತದೆ, ಯಾವ ಊರಾದ ಮೇಲೆ ಯಾವ ಊರು ಅಂತ ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿಲ್ಲ. ಇನ್ನೂರು ಪುಟದ ನೋಟಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು, ನನಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಒಂದು ಕಡೆ ಹೋಗಬೇಕು ಅಂತ ಅಷ್ಟು ಹಪಹಪಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ನಾನು ಬಾಗಲಕೋಟೆಯವಳು, ಆ ಕಾಲದ ಮ್ಯಾಟ್ರಿಕ್ ಪಾಸು. ಲಗ್ನವಾಗಿ ಇಳಕಲ್ಲಿನ ನೇಕಾರರ ಮನೆಗೆ ಬರುವಾಗ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಶಾಲೆಯ ಅಟ್ಲಾಸ್ ಇಟ್ಟುಕೊಂಡು ಬಂದಿದ್ದೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಎರಡು ಕುಣಿಮಗ್ಗ, ಒಂದು ಮಾವನದು, ಒಂದು ಗಂಡನದು. ಮುಂಜಾನೆ ಆ ಗಂಡಸರಿಬ್ಬರೂ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಸಂಜೆಯವರೆಗೆ ಲಾಳಿಯ ಸಪ್ಪಳ ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಮೊದಲ ವರ್ಷ ಆ ಸಪ್ಪಳಕ್ಕೆ ತಲೆ ಸಿಡಿದು ಹೋಗುತ್ತಿತ್ತು.

ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು. ಅದಕ್ಕೇ ಕೊಂಡಿ ಅನ್ನುವುದು. ಅದು ಹೆಂಗಸರ ಕೆಲಸ. ಸಾವಿರಾರು ಎಳೆ, ಒಂದು ತಪ್ಪಿದರೂ ಸೀರೆಯಲ್ಲಿ ಎದ್ದು ಕಾಣುತ್ತದೆ. ನನಗೆ ಅದನ್ನು ಕಲಿಸಿದವರು ಅತ್ತೆ. ಕಲಿತು ಎರಡು ವರ್ಷಕ್ಕೆ ಅವರು, "ನನ್ನ ಕಣ್ಣು ಮಂಜಾಗ್ಯಾವವ್ವಾ, ಇನ್ನ ನೀನ ನೋಡ್ಕೋ" ಅಂದು ಕೆಲಸ ಪೂರ್ತಿ ನನಗೆ ಬಿಟ್ಟುಕೊಟ್ಟಿದ್ದರು.

ಅಂಥದ್ದರಲ್ಲಿ ಒಂದು ದಿನ ನೇಕಾರರ ಸಂಘದ ಕಾರ್ಯದರ್ಶಿ ಇಂಗ್ಲಿಷ್ ಪತ್ರ ಹಿಡಿದು ಬಂದರು. ಕಟ್ಟೆಯ ಮೇಲೆ ಕೂತು, "ನಿಮ್ಮ ಸೊಸಿ ಮ್ಯಾಟ್ರಿಕ್ ಅಲ್ಲೇನ್ರಿ, ಓದಸ್ರಿ" ಅಂದರು. ಓದಿದೆ. ಯುರೋಪಿನ ಐದು ದೊಡ್ಡ ಊರುಗಳಲ್ಲಿ ಕೈಮಗ್ಗದ ಪ್ರದರ್ಶನವಂತೆ, ಡಿಸೆಂಬರ್ ಮತ್ತು ಜನವರಿ. ಮಾವನವರ ಹೆಸರು ಆರಿಸಿದ್ದಾರೆ. ಸೀರೆ ಹುಟ್ಟುವುದನ್ನು ಮೊದಲಿನಿಂದ ಕಡೆಯವರೆಗೆ ಜನರ ಮುಂದೆ ತೋರಿಸಬೇಕು, ಆದ್ದರಿಂದ ನೇಯುವವರು ಒಬ್ಬರು, ಕೊಂಡಿ ಹಾಕುವವರು ಒಬ್ಬರು, ಒಟ್ಟು ಇಬ್ಬರು ಬರಬೇಕು. ಕಡೆಯ ಸಾಲನ್ನು ಎರಡು ಸಲ ಓದಿದೆ.

ಮಾವ ನನ್ನ ಕಡೆ ನೋಡಿ ನಕ್ಕರು. "ಕೊಂಡಿ ಹಾಕಾಕಿ ಅಂದ್ರ ನೀನ ಅಲ್ಲೇನವಾ?"

ಗಂಡ ಕುಣಿಯಿಂದ ತಲೆ ಎತ್ತಲಿಲ್ಲ. ಅವರ ಸ್ವಭಾವವೇ ಹಾಗೆ, ಅಪ್ಪ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅತ್ತೆಯೇ ಮೊದಲು ಬಾಯಿ ಬಿಟ್ಟರು. "ಹೋಗ್ಲಿ ಬಿಡ್ರಿ. ಎರಡು ತಿಂಗಳು ನಾ ಅದೇನಿ. ಮನಿ ಎಲ್ಲಿ ಓಡಿ ಹೋಗತೈತಿ?"

ಓಣಿಯ ಹೆಂಗಸರು ಎಂಟು ದಿನ ಅತ್ತೆಯನ್ನು ಹಾಡಿ ಹೊಗಳಿದರು. ಇಂಥ ಅತ್ತಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕು ಅಂದರು. ನಾನೂ ಹೌದಂದೆ.

ಅಟ್ಲಾಸ್ ಪೆಟ್ಟಿಗೆಯಿಂದ ಹೊರಬಂತು. ಅಡುಗೆ ಮುಗಿಸಿ, ಕೊಂಡಿ ಮುಗಿಸಿ, ಸಿಕ್ಕ ಸಿಕ್ಕ ಹೊತ್ತಿನಲ್ಲಿ ಬರೆದದ್ದೇ ಬರೆದದ್ದು. ಮೊದಲು ಲಂಡನ್, ಕಡೆಗೆ ರೋಮ್, ಅಲ್ಲಿಂದ ವಿಮಾನ. ಪ್ರತಿ ಊರಿಗೂ ನಾಲ್ಕು ಪುಟ. ತಿನ್ನುವುದಕ್ಕೆ ಕಟಕರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಮೀನಗಡದ ಕರದಂಟು. ಎಷ್ಟು ರೊಟ್ಟಿ ಬೇಕಾಗುತ್ತವೆ ಅಂತ ಅತ್ತೆಯ ಜೊತೆ ಕೂತು ಲೆಕ್ಕ ಹಾಕಿದರೆ ಅರ್ಧ ಚೀಲ ಜೋಳ ಬೀಸಬೇಕಾಗಿತ್ತು. "ಅಲ್ಲಿ ಬಿಳೇ ಮಂದಿ ನಮ್ಮ ರೊಟ್ಟಿ ಕಂಡು ಹಂಚಿಂದು ಚೂರು ಅಂದ್ಕೊಂಡಾರು" ಅಂತ ಅತ್ತೆ ನಗುತ್ತಿದ್ದರು. ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ನೆರೆಮನೆಯವರು, ಬೂಟಿನೊಳಗೆ ಪೇಪರ್ ತುರುಕಿಕೊಂಡರೆ ಕಾಲು ಮರಗಟ್ಟುವುದಿಲ್ಲ ಅಂದರು. ಅದನ್ನೂ ಬರೆದುಕೊಂಡೆ.

ಆದರೆ ಚಳಿ ಅಂದರೆ ಎಷ್ಟು ಚಳಿ? ನಮ್ಮಲ್ಲಿ ಯಾರು ಬಲ್ಲರು? ಮಾವನಿಗೇ ಹೊಳೆಯಿತು. "ಬದಾಮಿಗೆ ಬಿಳೇ ಮಂದಿ ಬರ್ತಾರಲ್ಲ, ಅವರನ್ನ ಕೇಳಿದ್ರಾತು. ಅವರ ಊರಿನ ಥಂಡಿ ಅವರಿಗೆ ಗೊತ್ತಿರಂಗಿಲ್ಲೇನು?"

ಇಳಕಲ್ಲಿನಿಂದ ಹುನಗುಂದ, ಹುನಗುಂದದಿಂದ ಅಮೀನಗಡ, ಅಲ್ಲಿ ಬಸ್ಸು ಬದಲಿಸಿ ಬದಾಮಿ. ಮಾವ ಸೊಸೆ ಇಬ್ಬರೂ ಗುಹೆಗಳ ಮೆಟ್ಟಿಲ ಬುಡದಲ್ಲಿ ಕೂತು ಬಿಳಿಯರಿಗಾಗಿ ಕಾದೆವು. ಬಿಸಿಲಿಗೆ ಕಲ್ಲು ಕಾದು ಕಾಲಿಡುವ ಹಾಗಿರಲಿಲ್ಲ. ಮಧ್ಯಾಹ್ನ ಒಬ್ಬ ಹೆಂಗಸು ಬೆವರು ಸುರಿಸುತ್ತ ಇಳಿದು ಬಂದಳು, ಮೂಗು ಟೊಮ್ಯಾಟೊ ಹಣ್ಣಾಗಿತ್ತು. ಧೈರ್ಯ ಮಾಡಿ ನನ್ನ ಮ್ಯಾಟ್ರಿಕ್ ಇಂಗ್ಲಿಷ್ ತೆಗೆದೆ. ಪುಣ್ಯಕ್ಕೆ ವಿಯೆನ್ನಾದವಳೇ. ಈ ಬಿಸಿಲಿನಲ್ಲಿ ಚಳಿಯ ಮಾತೇ ಅಂತ ಬಿದ್ದು ಬಿದ್ದು ನಕ್ಕಳು. ಆಮೇಲೆ ನೆರಳಿನಲ್ಲಿ ಕೂತು ತಾಳ್ಮೆಯಿಂದ ಹೇಳಿದಳು. ನಾಲ್ಕು ಗಂಟೆಗೆ ಕತ್ತಲು, ಕಾರಂಜಿಯ ನೀರು ಹೆಪ್ಪುಗಟ್ಟಿ ನಿಲ್ಲುತ್ತದೆ, ಹೊರಗೆ ಎಷ್ಟು ಚಳಿಯೋ ಮನೆಯೊಳಗೆ ಅಷ್ಟು ಬೆಚ್ಚಗೆ, ದಪ್ಪ ಬಟ್ಟೆ ಒಂದು ಹಾಕುವ ಬದಲು ತೆಳು ಬಟ್ಟೆ ನಾಲ್ಕು ಹಾಕಿಕೊಳ್ಳಬೇಕು.

ಮಾವನಿಗೆ ತಮ್ಮದೇ ಚಿಂತೆ. "ಅಲ್ಲಿ ನೆಲಕ್ಕ ಕುಣಿ ತೋಡಾಕ ಬಿಡ್ತಾರೇನು ಕೇಳವ್ವಾ. ಕುಣಿ ಇಲ್ಲಂದ್ರ ಕಾಲು ಎಲ್ಲಿ ಇಡೂದು?"

ಅದನ್ನು ನಾನು ಇಂಗ್ಲಿಷಿಗೆ ತರುವಷ್ಟರಲ್ಲಿ ಆಕೆ ಬೇರೆಯದನ್ನೇ ಕೇಳಿದಳು. ನೀನೂ ಹೋಗುತ್ತೀಯಾ? ಹೌದು, ನಾನು ಹೋಗುತ್ತಿದ್ದೇನೆ ಅಂದೆ. ಬಾಯಿಬಿಟ್ಟು ಅದನ್ನು ಹೇಳಿದ್ದು ಅದೇ ಮೊದಲು. ಎದೆ ತುಂಬಿ ಬಂತು, ಅಷ್ಟು ಸಂತೋಷ. ಮರಳಿ ಬರುವ ಬಸ್ಸಿನಲ್ಲಿ ಅಮೀನಗಡದವರೆಗೂ ಕಿಟಕಿಯ ಹೊರಗೆ ನೋಡುತ್ತ ಒಬ್ಬಳೇ ನಗುತ್ತಿದ್ದೆ.

ಹುನಗುಂದದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿನ ಫೋಟೋ ತೆಗೆಸಿದ್ದಾಯಿತು. ಅರ್ಜಿ ತುಂಬಲು ಕೂತಾಗ, ಅಷ್ಟು ದಿನ ಬಾಯಿ ಬಿಡದ ನನ್ನ ಗಂಡ ಬಾಯಿ ಬಿಟ್ಟರು. "ಅಪ್ಪನ ಮಗ್ಗ ಬಂದ್ ಇಟ್ರೂ ನಂದು ನಡೀಲೇಬೇಕು. ಮುಂದ ಲಗ್ನದ ಸೀಜನ್. ಕೊಂಡಿ ಯಾರು ಹಾಕವ್ರು?"

ಖರೆ ಮಾತು. ಓಣಿಯ ಹೆಂಗಸರಿಗೆ ತಮ್ಮ ತಮ್ಮ ಮಗ್ಗದ ಕೊಂಡಿಗೇ ಬಿಡುವಿರುತ್ತಿರಲಿಲ್ಲ. ಎರಡು ತಿಂಗಳು ಮಗ್ಗ ನಿಂತರೆ ಒಲೆಯೂ ನಿಂತಂತೆ.

"ನಾನ ಹಾಕ್ತೇನಿ" ಅಂದರು ಅತ್ತೆ. "ಅಕಿಗೆ ಕಲಿಸಿದಾಕಿ ನಾನ ಅಲ್ಲೇನು?"

"ಕಣ್ಣು?" ಅಂದರು ಮಾವ.

"ಒಂದು ಹಾಕಿ ತೋರಸ್ತೇನಿ, ಆಮ್ಯಾಲೆ ಅರ್ಜಿ ತುಂಬ್ರಿ."

ಮರುದಿನ ಮುಂಜಾನೆ ಹಣೆಗೆ ವಿಭೂತಿ ಧರಿಸಿ, ಕೈ ಮುಗಿದು, ಅತ್ತೆ ಹಾಸಿನ ಮುಂದೆ ಕೂತರು. ನಾನು ಎದುರಿಗೆ ಕೂತು ಎಳೆ ಬಿಡಿಸಿ ಕೊಡುತ್ತಿದ್ದೆ. ಮೊದಲ ಹತ್ತು ಕುಣಿಕೆ ಸರಿಯಾದವು. ನನ್ನ ಎದೆ ಹಗುರಾಯಿತು. ಆಮೇಲೆ ಒಂದು ಎಳೆ ಬಿಟ್ಟರು. ಮುಂದೆ ಎರಡು ಎಳೆ ಕೂಡಿಸಿ ಒಂದೇ ಕುಣಿಕೆಗೆ ಹಾಕಿದರು. "ಅತ್ತಿ, ಇಲ್ಲಿ ತಪ್ಪೇತಿ" ಅಂದೆ. ಬಿಚ್ಚಿದರು, ಮತ್ತೆ ಹಾಕಿದರು, ಮತ್ತೆ ತಪ್ಪಿತು. ಎಳೆಯನ್ನು ಮೂಗಿನ ಹತ್ತಿರ ತಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಣ್ಣಿಂದ ನೀರು ಸೋರುತ್ತಿತ್ತು. ನಾನು ಮನಸ್ಸಿನಲ್ಲೇ ಒಂದೊಂದು ಎಳೆಗೂ ಬೇಡಿಕೊಂಡೆ, ತಪ್ಪಬೇಡ, ತಪ್ಪಬೇಡ ಅಂತ. ಸಂಜೆಗೆ ಬೆರಳಿಟ್ಟು ಎಣಿಸಿದರೆ ಮೂವತ್ತಕ್ಕೂ ಮೇಲೆ ತಪ್ಪು.

"ನೀ ಹೋಗವ್ವಾ" ಅಂದರು ಅತ್ತೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಹೆಂಗರ ಮಾಡಿ ಹಾಕ್ತೇನಿ. ನನ್ನ ಸಲುವಾಗಿ ನಿಲ್ಲಬ್ಯಾಡ."

ಬೇಡ ಅಂದಿದ್ದರೆ ಜಗಳ ಮಾಡುತ್ತಿದ್ದೆ. ನನ್ನ ಬಾಯಿ ಎಂಥದ್ದು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಬೇಡ ಅನ್ನಲಿಲ್ಲ. ಗಂಡ ತಪ್ಪಿದ ಕೊಂಡಿಯನ್ನು ಬಿಚ್ಚುತ್ತಿದ್ದರು, ಆ ಮುದುಕಿ ಕಣ್ಣೀರು ಒರೆಸಿಕೊಳ್ಳುತ್ತ ಹೋಗು ಹೋಗು ಅನ್ನುತ್ತಿದ್ದರು. ಬಾಗಿಲು ತೆರೆದೇ ಇತ್ತು, ನನಗೆ ದಾಟಲು ಆಗಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ, ಕಂಡ ಕಂಡ ಪಾತ್ರೆ ಎತ್ತಿ ಕುಕ್ಕಿದೆ.

ಮೂರನೆಯ ದಿನ ಮಾವ ಹತ್ತಿರ ಕರೆದು ಕೇಳಿದರು. "ಖರೆ ಹೇಳು. ನಿನಗ ಹೋಗೂ ಮನಸೈತೇನು?"

"ಇಲ್ರಿ ಮಾವಾರ" ಅಂದೆ. "ನನಗ ಥಂಡಿ ಆಗಿ ಬರೂದಿಲ್ಲ."

ಪ್ರದರ್ಶನದವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದವಳೂ ನಾನೇ. ಐದು ಊರಿಗೆ ಐದು ಹಾಸು, ಕೊಂಡಿ ಇಲ್ಲಿಯೇ ಹಾಕಿ ಸುತ್ತಿ ತರುತ್ತೇವೆ, ಜೊತೆಗೆ ಹಿಂದಿನ ಓಣಿಯ ಒಬ್ಬ ನೇಕಾರ ಬರುತ್ತಾನೆ, ಒಪ್ಪಿಕೊಳ್ಳಬೇಕು ಅಂತ. ಹದಿನೈದು ದಿನಕ್ಕೆ ಆಗಲಿ ಅಂತ ಉತ್ತರ ಬಂತು. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಇನ್ನೂ ಸಿಟ್ಟು ಬಂತು.

ಆ ನೇಕಾರ ದಿನಾ ಸಂಜೆ ಬಂದು ನನ್ನ ನೋಟಬುಕ್ಕಿನ ಮುಂದೆ ಕೂರುತ್ತಿದ್ದ. "ವೈನಿ, ಪ್ಯಾರಿಸ್ ಮೊದಲೋ ಆಮ್‌ಸ್ಟರ್‌ಡ್ಯಾಮ್ ಮೊದಲೋ?" "ವೈನಿ, ವಿಯೆನ್ನಾದಾಗ ಚಹಾ ಸಿಗತೈತೇನ್ರಿ?" ಪಾಪ, ಒಳ್ಳೆಯ ಮನುಷ್ಯ. ಆದರೂ ಅವನ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲ ಹೇಳಿಕೊಟ್ಟೆ. ತೆಳು ಬಟ್ಟೆ ನಾಲ್ಕು, ಬೂಟಿನೊಳಗೆ ಪೇಪರು, ನಾಲ್ಕಕ್ಕೆ ಕತ್ತಲು. ಹಗಲೆಲ್ಲ ಐದೂ ಹಾಸುಗಳಿಗೆ ಕೊಂಡಿ ಹಾಕಿದೆ. ಇದು ಲಂಡನ್, ಇದು ಪ್ಯಾರಿಸ್ ಅಂತ ಒಂದೊಂದಕ್ಕೂ ಚೀಟಿ ಬರೆದು ಕಟ್ಟಿದೆ. ರೋಮಿನ ಚೀಟಿ ಕಟ್ಟಿದ ದಿನ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ನವೆಂಬರ್ ಕಡೆಯಲ್ಲಿ ಅವರಿಬ್ಬರೂ ಹೊರಟರು. ನೋಟಬುಕ್ಕು ಮಾವನ ಕೈಚೀಲದಲ್ಲಿ ಹೋಯಿತು. ಬಸ್ ಸ್ಟ್ಯಾಂಡಿಗೆ ಓಣಿಯೆಲ್ಲ ಬಂದಿತ್ತು. ನಾನು ಆರತಿ ತಟ್ಟೆ ಹಿಡಿದು ನಗುನಗುತ್ತ ಕಳಿಸಿಕೊಟ್ಟೆ.

ಅದಾಗಿ ಎಂಟು ಹತ್ತು ದಿನಕ್ಕೆ ಹುನಗುಂದದಲ್ಲಿ ನನ್ನ ಚಿಕ್ಕಮ್ಮನ ಬಸುರಿ ಮಗಳಿಗೆ ಕುಬಸ ಇತ್ತು. ಎರಡು ದಿನ ಇದ್ದು ಬಾ ಅಂತ ಅತ್ತೆಯೇ ಕಳಿಸಿದರು. ಅಲ್ಲಿ ಎಲ್ಲರೂ ನೀ ಯಾಕ ಹೋಗಲಿಲ್ಲ, ನೀ ಯಾಕ ಹೋಗಲಿಲ್ಲ ಅಂತ ಜೀವ ತಿಂದರು. ಮರುದಿನ ಮುಂಜಾನೆಯ ಬಸ್ಸಿಗೇ ಹೊರಟು ಬಂದುಬಿಟ್ಟೆ.

ಗಂಡ ನೂಲು ತರಲು ಪೇಟೆಗೆ ಹೋಗಿದ್ದರು. ಮಗ್ಗದ ಕೋಣೆಯಲ್ಲಿ ಅತ್ತೆ ಹೊಸ ಹಾಸಿನ ಮುಂದೆ ಕೂತಿದ್ದರು, ಬೆನ್ನು ನನ್ನ ಕಡೆ, ಮುಖ ಹಿತ್ತಲ ಬಾಗಿಲ ಕಡೆ. ಅಲ್ಲಿ ಒಂದು ಕೋಳಿ ಜೋಳಕ್ಕೆ ಬಾಯಿ ಹಾಕುತ್ತಿತ್ತು. "ಹುಶ್! ನಿನ್ನ ಬಾಯಾಗ ಮಣ್ಣು ಹಾಕ! ಹುಶ್!" ಅಂತ ಕೋಳಿಯನ್ನೇ ನೋಡುತ್ತ ಬೈಯುತ್ತಿದ್ದರು. ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವೇ ನಡೆದಿದ್ದವು. ಎಳೆ ಹಿಡಿ, ಕುಣಿಕೆ, ಜಗ್ಗು. ಎಳೆ ಹಿಡಿ, ಕುಣಿಕೆ, ಜಗ್ಗು. ಒಮ್ಮೆಯೂ ಕೆಳಗೆ ನೋಡಲಿಲ್ಲ.

ಹತ್ತಿರ ಹೋಗಿ ಹಾಸಿನ ಮೇಲೆ ಅಂಗೈ ಆಡಿಸಿದೆ. ಅರ್ಧ ಮುಗಿದಿತ್ತು. ಒಂದು ಎಳೆಯೂ ತಪ್ಪಿರಲಿಲ್ಲ.

ಅತ್ತೆ ತಿರುಗಿ ನೋಡಿದರು. ಬೆಚ್ಚಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಅತ್ತಿ, ಕಣ್ಣು?" ಅಂದೆ.

"ಕೊಂಡಿಗೆ ಕಣ್ಣು ಯಾಕ ಬೇಕು? ನಲವತ್ತು ವರ್ಷ ಹಾಕೇನಿ."

"ಮತ್ತ ಅವತ್ತು?"

"ಅವತ್ತು ಬೇಕಂತ ತಪ್ಪಿಸಿದ್ನಿ."

ನನಗೆ ಏನಾಯಿತೋ ತಿಳಿಯದು. ಓಣಿಗೆಲ್ಲ ಕೇಳುವ ಹಾಗೆ ಚೀರಿದೆ. "ಬ್ಯಾಡ ಅನ್ನಬೇಕಿತ್ತು! ಮಾರಿ ಮ್ಯಾಲೆ ಬ್ಯಾಡ ಅನ್ನಬೇಕಿತ್ತು ನೀವು!"

"ಅಂದಿದ್ರ ಜಗಳಾಡಿ ಹೋಗ್ತಿದ್ದಿ" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಕುಣಿಕೆ ಜಗ್ಗಿ ಅಂದರು, "ಅದನ್ನೆಲ್ಲಾ ನೋಡಿ ಬಂದ ಮ್ಯಾಲೆ ಇಲ್ಲಿ ನನ್ನ ಎದುರಿಗೆ ಹೆಂಗ ಕುಂದರ್ತಿದ್ದಿ? ನೀ ಬರೂಕಿಂತ ಮೊದಲ ನಾ ಈ ಕೋಣ್ಯಾಗ ಒಬ್ಬಾಕಿನ ಇದ್ನಿ. ಮಾತಾಡಾಕ ಒಂದು ನರಪಿಳ್ಳೆ ಇದ್ದಿದ್ದಿಲ್ಲ. ಮತ್ತ ಒಬ್ಬಾಕಿನ ಆಗೂದು ನನಗ ಬ್ಯಾಡಾಗಿತ್ತು."

ಗೋಡೆಯ ಗೂಡಿನಲ್ಲಿದ್ದ ಕತ್ತರಿಯ ಮೇಲೆ ನನ್ನ ಕೈ ಹೋಗಿತ್ತು. ಆ ಹಾಸನ್ನು ಒಂದೇ ಸಲಕ್ಕೆ ಕತ್ತರಿಸಿ ಒಗೆಯಬೇಕು ಅನಿಸಿತು. ಕತ್ತರಿಸಿದ್ದರೂ ಅದನ್ನು ಮತ್ತೆ ಕೂಡಿಸಬೇಕಾದವರು ನಾವಿಬ್ಬರೇ. ಕತ್ತರಿ ಅಲ್ಲೇ ಬಿಟ್ಟೆ. ಅತ್ತೆ ಎಳೆಗಳ ಗುಂಪೊಂದನ್ನು ನನ್ನ ಕಡೆ ಚಾಚಿದರು, ಬಿಡಿಸಿ ಕೊಡು ಅನ್ನುವ ಹಾಗೆ.

"ನೀವೊಬ್ಬರ ಹಾಕ್ಕೋರಿ" ಅಂದು ಹೊರಬಾಗಿಲಿಗೆ ಬಂದೆ. ಚಪ್ಪಲಿ ಮೆಟ್ಟಿ ಓಣಿಗೆ ಇಳಿದೆ. ಎಡಕ್ಕೆ ಹೋದರೆ ನೀರಿನ ನಳ, ಬಲಕ್ಕೆ ಹೋದರೆ ಸಂಘದ ಕಟ್ಟೆ. ಎರಡೂ ಕಡೆ, ಯಾಕ ಚೀರಿದಿ ಅಂತ ಕೇಳಲು ಜನ ನಿಂತಿದ್ದರು. ನಿಂತಲ್ಲೇ ಎಷ್ಟೋ ಹೊತ್ತು ನಿಂತೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅತ್ತೆಯ ಎದುರಿಗೆ ಕೂತು, ಎಳೆ ಬಿಡಿಸಿ ಕೊಟ್ಟೆ.