ಅಪ್ಪನ ಫೋಟೋದ ಕೈಗಳು

ಎಪ್ಪತ್ತರ ದಶಕದಲ್ಲಿ ಅಪ್ಪ ತೀರಿಕೊಂಡಾಗ ಇಂಡಿ ಊರಿನ ನಮ್ಮ ಮನೆಯಲ್ಲಿ ಅವನದೊಂದೂ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋದಲ್ಲಿ, ಹಿಂದಿನ ಸಾಲಿನಲ್ಲಿ, ಮುಖವೊಂದೇ ಕಾಣುತ್ತಿತ್ತು. ಅದನ್ನೇ ಸಿಂದಗಿಯ ಫೋಟೋ ಅಂಗಡಿಗೆ ಕೊಟ್ಟು ಬಂದೆ. ಹದಿನೈದು ದಿನಕ್ಕೆ ದೊಡ್ಡ ಫೋಟೋ ಬಂತು. ಅಪ್ಪ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದ. ಎರಡೂ ಕೈ ಮೊಣಕಾಲ ಮೇಲಿದ್ದವು. ಅವನು ಎಂದೂ ಕೋಟು ತೊಟ್ಟವನಲ್ಲ. ಕೋಟನ್ನು ಅಂಗಡಿಯವರೇ ಬರೆದು ಸೇರಿಸುತ್ತಾರೆಂದು ನಮಗೆ ಗೊತ್ತಿತ್ತು.

"ಕೈ ಅವರವು ಅನಸೂದಿಲ್ಲೋ ತಮ್ಮಾ," ಎಂದಳು ಅವ್ವ.

ದೊಡ್ಡದು ಮಾಡಿದಾಗ ಹಾಗೆ ಕಾಣುತ್ತದೆಂದು ನಾನೇ ಸಮಾಧಾನ ಹೇಳಿದೆ. ಅವ್ವ ನಂಬಿದಳು. ದಿನಾ ಸ್ನಾನ ಮಾಡಿ ಬಂದು, ಗಾಜಿನ ಮೇಲೆ ಆ ಕೈಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಮರುವರ್ಷ ತಂಗಿಯನ್ನು ನೋಡಲು ಹೂವಿನ ಹಿಪ್ಪರಗಿಯಿಂದ ಬಂದರು. ಹುಡುಗನ ತಾಯಿ ಚಹಾದ ಬಟ್ಟಲು ಹಿಡಿದು ಫೋಟೋ ನೋಡುತ್ತ ಕುಳಿತುಬಿಟ್ಟರು. ಚಹಾ ಆರಿತು. ಎದ್ದು ಹೋಗಿ, ಫೋಟೋದ ಎಡಗೈಯ ಸೊಟ್ಟ ಕಿರಿಬೆರಳಿನ ಮೇಲೆ ಬೆರಳಿಟ್ಟರು.

"ಇದು ನೊಗಕ್ಕ ಸಿಕ್ಕು ಮುರದಿತ್ತು. ಇವು ನಮ್ಮ ಮನಿಯವರ ಕೈರಿ."

ಅವರ ಗಂಡ ತೀರಿ ಮೂರು ವರ್ಷವಾಗಿತ್ತು. ಬದುಕಿದ್ದಾಗ ಅದೇ ಅಂಗಡಿಯಲ್ಲಿ ಕೋಟು ತೊಟ್ಟು ಫೋಟೋ ತೆಗೆಸಿದ್ದರಂತೆ. ಅವ್ವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಮರುದಿನವೇ ಸಿಂದಗಿಗೆ ಹೋದೆ. ಅಂಗಡಿಯವನು ಮುಚ್ಚಿಡಲೂ ಇಲ್ಲ, ನಾಚಲೂ ಇಲ್ಲ.

"ಆ ಫೋಟೋ ಭಾಳ ಛಲೋ ಬಂದಿತ್ರಿ. ಬರೇ ಮಾರಿ ತಂದವ್ರಿಗೆಲ್ಲಾ ಅದರ ಮೈ-ಕೈ ಹಚ್ತೇನಿ. ಮಾರಿ ನಿಮ್ಮಪ್ಪಾರ್ದ ಐತಿಲ್ರಿ?"

ಎಷ್ಟು ಮನೆಗೆ ಎಂದು ಕೇಳಿದೆ. ಮುದ್ದೇಬಿಹಾಳದಲ್ಲಿ ಒಂದು, ಬಸವನ ಬಾಗೇವಾಡಿಯಲ್ಲಿ ಎರಡು ಎಂದು ಬೆರಳು ಮಡಚುತ್ತ ಹೋದವನು ನಡುವೆಯೇ ನಿಲ್ಲಿಸಿ, ನೆನಪಿಲ್ಲ ಎಂದ. ಹೂವಿನ ಹಿಪ್ಪರಗಿಯ ಆ ಮನೆಯವರನ್ನು ಒಂದು ಮಾತು ಕೇಳಿದ್ದೆಯಾ ಎಂದರೆ, ಅವರ ಕೆಲಸ ಮುಗಿಸಿ ಕೊಟ್ಟಾದ ಮೇಲೆ ಕೇಳುವುದೇನಿದೆ ಎಂದು ನನ್ನನ್ನೇ ಕೇಳಿದ. ಎಷ್ಟು ಮನೆಗಳಲ್ಲಿ ಎಷ್ಟು ಜನ ಆ ಒಬ್ಬರ ಕೈ ಮುಟ್ಟಿ ಅಳುತ್ತಿದ್ದಾರೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ.

ಅವ್ವ ಮತ್ತೆ ಆ ಕೈಗಳನ್ನು ಮುಟ್ಟಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಚೆಂಡು ಹೂವಿನ ಮಾಲೆಯನ್ನು ಕೈ ಮುಚ್ಚುವಷ್ಟು ಉದ್ದ ಕಟ್ಟತೊಡಗಿದಳು.

ತಂಗಿಯ ಮದುವೆ ಅದೇ ಮನೆಗಾಯಿತು. ಬೀಗಿತಿ ಬಂದಾಗಲೆಲ್ಲ ಅವ್ವ ಆ ಮಾಲೆಯನ್ನು ತೆಗೆದಿಟ್ಟು, ಅವರೊಬ್ಬರನ್ನೇ ಫೋಟೋದ ಮುಂದೆ ಬಿಟ್ಟು, ಅಡುಗೆಮನೆಗೆ ಹೋಗುತ್ತಿದ್ದಳು.