ಎರಡನೇ ಹೋಳಿಗೆಗೆ ತೆರಿಗೆ

“ನಮಗೆ ನಮ್ಮದೇ ಪಾರ್ಲಿಮೆಂಟು ಬಂತು!”

ಪಕ್ಕದ ಕ್ಯೂಬಿಕಲ್ಲಿನ ಇಯಾನ್ ಕಳೆದ ವರ್ಷದಿಂದ ಹೀಗೇ ಬೀಗುತ್ತಿದ್ದಾನೆ. ಸ್ಕಾಟ್ಲೆಂಡಿನವನು. ಮುನ್ನೂರು ವರ್ಷದ ಕನಸಂತೆ.

ಮೊನ್ನೆ ಲಂಚಿಗೆ ಕೂತಾಗ ಕೇಳಿದೆ. “ಅದಕ್ಕೆ ತೆರಿಗೆ ಹಾಕೋ ಹಕ್ಕಿದೆಯಾ?”

ಇಯಾನ್ ಸ್ಯಾಂಡ್‌ವಿಚ್ಚು ಕೆಳಗಿಟ್ಟ. “ಇದೆ. ಇನ್‌ಕಮ್ ಟ್ಯಾಕ್ಸನ್ನು ಪೌಂಡಿಗೆ ಮೂರು ಪೆನ್ಸ್ ಏರಿಸಬಹುದು, ಇಳಿಸಬಹುದು. ಆದರೆ ಏರಿಸಲ್ಲ. ವೋಟು ಹೋಗತ್ತಲ್ಲ?” ಉಳಿದ ದುಡ್ಡೆಲ್ಲ ಲಂಡನ್ನಿಂದಲೇ ಬರಬೇಕು.

ಅಂದರೆ ನಮಗೆ ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ ಥರ. ಕೈಯಲ್ಲಿ ಕಾಗದ ಇದೆ, ಮಾರುವ ಹಾಗಿಲ್ಲ.

ನಾನು ಅವನಿಗೆ ಇಲ್ಲಿ ಕ್ಯುಪರ್ಟಿನೋದ ನಮ್ಮ ಕನ್ನಡ ಬಳಗದ ಗಿರಿಜಕ್ಕನ ಕಥೆ ಹೇಳಿದೆ. (ನಾನು ಬಳಗದ ಖಜಾಂಚಿ. ಎಲ್ಲರೂ ಬೈಯಲು ಒಬ್ಬ ಬೇಕಲ್ಲ?)

ಈ ಸಲದ ಯುಗಾದಿ ಊಟದ ಪೂರ್ತಿ ಅಧಿಕಾರವನ್ನು ಗಿರಿಜಕ್ಕನ ಅಡುಗೆ ಕಮಿಟಿಗೆ ಚಪ್ಪಾಳೆ ತಟ್ಟಿ ಕೊಟ್ಟಿದ್ದೆವು. ಆದರೆ ಗ್ರೋಸರಿಗೆ ಹೊರಟಾಗಲೆಲ್ಲ ಆಕೆ ನನ್ನನ್ನು ಕೇಳಬೇಕು. ನಾನು ಅಧ್ಯಕ್ಷ ರಾಯರನ್ನು ಕೇಳಬೇಕು. ರಾಯರು ಉಡುಪಿಯವರು. ಅವರದು ಯಾವಾಗಲೂ ಒಂದೇ ಪ್ರಶ್ನೆ: “ಅದು ಅಗತ್ಯ ಉಂಟಾ ಮಾರಾಯ್ರೆ?”

ತುಪ್ಪಕ್ಕೂ ಅದೇ ಪ್ರಶ್ನೆ ಬಂದಾಗ ಗಿರಿಜಕ್ಕ ಮೀಟಿಂಗಿನಲ್ಲಿ ಎದ್ದು ನಿಂತರು. ಧಾರವಾಡದ ದನಿ.

“‘ಅಧಿಕಾರ ಎಲ್ಲಾ ನಿಮ್ಮದೇ’ ಅಂತೀರಿ. ತುಪ್ಪಕ್ಕ ನಿಮ್ಮ ಮಾರಿ ನೋಡಬೇಕು! ರೊಕ್ಕ ಎತ್ತೋ ಹಕ್ಕೂ ಕೊಡ್ರಿ. ಇಲ್ಲಾಂದ್ರ ಈ ಸಲ ಹೋಳಿಗಿ ನೀವ ತಟ್ಕೋರಿ.”

ಹೋಳಿಗೆ ಇಲ್ಲದ ಯುಗಾದಿಯೇ?

ನಾನು ಆಕೆಯ ಪರ ಕೈ ಎತ್ತಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ‘ಎಷ್ಟು ಬೇಕಾದರೂ ಓದು’ ಅಂದಿದ್ದರು ನನ್ನನ್ನು ಓದಿಸಿದ ಚಿಕ್ಕಪ್ಪ. ಆದರೆ ಪೆನ್ನಿನ ರೀಫಿಲ್ಲಿಗೂ ಅವರ ಮುಖ ನೋಡಬೇಕಿತ್ತು. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ನಾನೇ ರೀಫಿಲ್ ಕೊಂಡೆನಲ್ಲ, ಅದು ನನ್ನ ಸ್ವಾತಂತ್ರ್ಯ ದಿನ.

ಹಕ್ಕು ಸಿಕ್ಕಿತು. ರಾಯರು ನನ್ನ ಕಿವಿಯಲ್ಲಿ ನಕ್ಕರು. “ಕೊಡುವ, ಕೊಡುವ. ಹಬ್ಬದ ಊಟಕ್ಕೆ ದುಡ್ಡು ಕೇಳ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ?”

ನಿಜವೇ. ಎಲೆ ಮುಂದೆ ಕೂರಿಸಿ ಕಾಸು ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ?

ಕ್ಯುಪರ್ಟಿನೋದಲ್ಲಿ ಹಬ್ಬದ ಪಂಕ್ತಿ ಕೂತಿತು. ಗಿರಿಜಕ್ಕ ಡಬ್ಬಿ ಹಿಡಿದು ಸಾರಿದರು: “ಮೊದಲನೇ ಹೋಳಿಗಿ ಹಬ್ಬದ್ದು, ಪುಕ್ಕಟೆ. ಎರಡನೇದು ನಾಲಿಗೀದು, ಒಂದು ಡಾಲರ್!”

ಇಡೀ ಪಂಕ್ತಿ ನಕ್ಕಿತು. ನಗುತ್ತಲೇ ಜೇಬಿಗೆ ಕೈಹಾಕಿತು. ಡಬ್ಬಿ ತುಂಬಿತು. ರಾಯರೂ ತೆರಿಗೆ ಕಟ್ಟಿದರು, ತುಪ್ಪ ಹಾಕಿಸಿಕೊಂಡು.

ಊಟದ ಮೇಲೆ ಹಾಡಿನ ಕಾರ್ಯಕ್ರಮ. ಮೈಕಿನವನು ಬಾಡಿಗೆ ಕೇಳಿಕೊಂಡು ಬಂದು ನಿಂತ. ಬಳಗದ ಹಣ ಸಾಲದು. ರಾಯರು ಮೆಲ್ಲಗೆ ಅಡುಗೆ ಕಮಿಟಿಯ ಕಡೆ ನಡೆದರು, ಹಿಂದೆ ನಾನು.

ಗಿರಿಜಕ್ಕ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. “ಮೈಕು ಅಗತ್ಯ ಐತೇನ್ರೀ ರಾಯರ?”

(ಕೊಟ್ಟರು ಬಿಡಿ. ರಾಯರು ಎರಡನೇ ಸಲ ಕೇಳಿದ ಮೇಲೆ.)

ಇಯಾನ್ ಈಗ ಗಿರಿಜಕ್ಕನ ಫೋನ್ ನಂಬರಿಗೆ ದುಂಬಾಲು ಬಿದ್ದಿದ್ದಾನೆ. ಎಡಿನ್‌ಬರೋದ ಅವರ ಪಾರ್ಲಿಮೆಂಟಿಗೆ ಬೇಕಂತೆ. ಕೊಡಲೇ?